ಗಡಿಯ ಕ್ರಿಯಾಪದ: ಬೊಮ್ಮನಹಾಳ್ ಮತ್ತು ಮಡಕಶಿರಾ ಕನ್ನಡದ ಧಾತುವರ್ಗಗಳ ಬಗ್ಗೆ ಒಂದು ತಕರಾರು

ಗಡಿನಾಡಿನ ಕನ್ನಡದ ಮೇಲೆ ಬರೆಯುವ ನಮ್ಮಲ್ಲಿ ಒಂದು ರೂಢಿ ಬೆಳೆದುಬಿಟ್ಟಿದೆ. ಪಠ್ಯಪುಸ್ತಕದಲ್ಲಿ ಇಲ್ಲದ ರೂಪವೊಂದು ಕಿವಿಗೆ ಬಿದ್ದರೆ ಸಾಕು, ‘ತೆಲುಗಿನ ಪ್ರಭಾವ’ ಅಂತ ಬರೆದು ಮುಂದಿನ ರೂಪಕ್ಕೆ ಹೋಗುತ್ತೇವೆ. ಶಬ್ದಗಳ ವಿಷಯದಲ್ಲಿ ಈ ಮಾತು ಎಷ್ಟೋ ಕಡೆ ನಿಜವೇ. ಕ್ರಿಯಾಪದದ ವಿಷಯದಲ್ಲಿ ಅದನ್ನು ಯಾರೂ ಪರೀಕ್ಷಿಸಿ ನೋಡಿದ ಹಾಗೆ ಕಾಣುವುದಿಲ್ಲ. ಪರೀಕ್ಷಿಸದೆ ಒಪ್ಪಿಕೊಂಡದ್ದರಿಂದ ಬೊಮ್ಮನಹಾಳ್ ಕಡೆಯ ಕನ್ನಡ ಶಾಲೆಯ ಹುಡುಗ ತನ್ನ ಮನೆಯಲ್ಲಿ ಕಲಿತ ಕ್ರಿಯಾರೂಪವನ್ನು ಕೆಟ್ಟ ಕನ್ನಡವೆಂದೂ ಪರರಿಂದ ಬಂದದ್ದೆಂದೂ ನಂಬಿ ಬೆಳೆಯುತ್ತಾನೆ. ನನ್ನ ತಕರಾರು ಇರುವುದು ಅಲ್ಲಿ.

ಊರುಗಳ ವಿಷಯ ಮೊದಲು ಹೇಳಿಬಿಡುತ್ತೇನೆ. ಬೊಮ್ಮನಹಾಳ್ ರಾಯದುರ್ಗದ ಸೀಮೆಯದು, ಬಳ್ಳಾರಿಗೆ ಮಗ್ಗುಲಾಗಿದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಕಳಚಿ ಆಂಧ್ರಕ್ಕೆ ಹೋದವು, ಮಿಕ್ಕ ತಾಲ್ಲೂಕುಗಳು ಮೈಸೂರಿಗೆ ಬಂದವು. ಮಡಕಶಿರಾ ಇನ್ನೊಂದು ತುದಿ. ಅದಕ್ಕೆ ಶಿರಾ, ಮಧುಗಿರಿ, ಪಾವಗಡ ನೆರೆ. ನೊಳಂಬರ ರಾಜಧಾನಿ ಹೆಂಜೇರು, ಅಂದರೆ ಇಂದಿನ ಹೇಮಾವತಿ, ಆ ಸೀಮೆಯಲ್ಲೇ ಇದೆ, ಅಲ್ಲಿ ಕನ್ನಡ ಶಾಸನಗಳಿವೆ. 2022ರಿಂದ ಮಡಕಶಿರಾ ಅನಂತಪುರ ಜಿಲ್ಲೆಯಲ್ಲಿಲ್ಲ, ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ನಾವು ಮಾತ್ರ ಬಾಯಿರೂಢಿಯಿಂದ ಎರಡನ್ನೂ ‘ಅನಂತಪುರದ ಕನ್ನಡ’ ಎನ್ನುತ್ತೇವೆ. ಈ ಹೆಸರಿನಲ್ಲೂ ಒಂದು ಮೋಸವಿದೆ, ಅದು ಮುಂದೆ ಗೊತ್ತಾಗುತ್ತದೆ.

ಗ್ರಿಯರ್‌ಸನ್ನನ ಭಾಷಾ ಸರ್ವೇಕ್ಷಣೆಯಲ್ಲಿ ದ್ರಾವಿಡ ಭಾಷೆಗಳ ಸಂಪುಟ 1906ರಲ್ಲಿ ಬಂತು. ಮದರಾಸು ಪ್ರಾಂತ, ಮೈಸೂರು, ಹೈದರಾಬಾದುಗಳು ಆ ಸರ್ವೇಕ್ಷಣೆಯ ಹೊರಗೇ ಉಳಿದವು. ಆಗ ಮದರಾಸು ಪ್ರಾಂತದಲ್ಲಿದ್ದ ಈ ಎರಡೂ ಸೀಮೆಗಳ ಮಾತು ಹೀಗೆ ಮೊದಲ ಲೆಕ್ಕಕ್ಕೇ ಸಿಗಲಿಲ್ಲ. ಪುಣೆಯ ಡೆಕ್ಕನ್ ಕಾಲೇಜಿನವರು 1960ರ ದಶಕದಲ್ಲಿ ನಂಜನಗೂಡು ಕನ್ನಡ, ಗುಲ್ಬರ್ಗ ಕನ್ನಡ, ಹಾಲಕ್ಕಿ ಕನ್ನಡ ಎಂದು ಒಂದೊಂದೇ ಉಪಭಾಷೆಯ ಪುಸ್ತಕ ತಂದರು. ಆ ಪುಸ್ತಕಗಳಿಗೆ ನಾವು ಋಣಿಗಳು. ಆದರೆ ಉಪಭಾಷೆಯ ಅಧ್ಯಯನ ಅಂದರೆ ಮೊದಲು ಧ್ವನಿಮಾ, ಕೊನೆಗೆ ಒಂದಷ್ಟು ಶಬ್ದಪಟ್ಟಿ, ನಡುವೆ ಕ್ರಿಯಾಪದಕ್ಕೆ ಕೆಲವೇ ಪುಟ ಎಂಬ ಅಚ್ಚು ನಮ್ಮ ವಿಚಾರಗೋಷ್ಠಿಗಳಲ್ಲಿ ಕೂತುಬಿಟ್ಟಿತು.

ಈಗ ವಿಷಯಕ್ಕೆ ಬರೋಣ. ಕನ್ನಡದ ಧಾತುಗಳನ್ನು ವರ್ಗ ಮಾಡುವಾಗ ಸಾಮಾನ್ಯವಾಗಿ ನೋಡುವುದು ಧಾತುವಿನ ಕೊನೆಯ ಸ್ವರವನ್ನು. ಉಕಾರಾಂತವಾದರೆ ಒಂದು ವರ್ಗ: ಮಾಡು, ಮಾಡಿ, ಮಾಡಿದ. ಇಕಾರ ಎಕಾರಗಳಲ್ಲಿ ಮುಗಿದರೆ ಇನ್ನೊಂದು: ಕುಡಿ, ಕುಡಿದು, ಕುಡಿದ, ಕರೆ, ಕರೆದು, ಕರೆದ. ಇವೆರಡಕ್ಕೂ ಸೇರದ್ದೆಲ್ಲ ‘ಅನಿಯಮಿತ’. ಮಿಷನರಿಗಳು ಪರಭಾಷಿಕರಿಗಾಗಿ ಬರೆದ ವ್ಯಾಕರಣಗಳಿಂದ ಹಿಡಿದು ಇಂದಿನ ಕನ್ನಡ ಕಲಿ ಪುಸ್ತಕಗಳವರೆಗೆ ಈ ಏರ್ಪಾಟು ಸ್ವಲ್ಪ ಹೆಚ್ಚುಕಡಿಮೆಯಾಗಿ ಬಂದಿದೆ. ಹೊರಗಿನಿಂದ ಬಂದವನಿಗೆ ಮೊದಲ ತಿಂಗಳಿಗೆ ಇದು ಸಾಕು. ಆದರೆ ಆ ‘ಅನಿಯಮಿತ’ದ ಗುಡ್ಡೆಯಲ್ಲಿ ಯಾರ್ಯಾರಿದ್ದಾರೆ ನೋಡಿ: ಬರು, ತರು, ಇರು, ಕೊಡು, ಇಡು, ಬಿಡು, ತಿನ್ನು, ಉಣ್ಣು, ಕಾಣು, ನಿಲ್ಲು, ಬೀಳು, ಏಳು, ಅಳು, ನಗು, ಸಾಯು. ಒಬ್ಬ ಒಕ್ಕಲಿಗ ಬೆಳಿಗ್ಗೆ ಎದ್ದು ರಾತ್ರಿ ಮಲಗುವವರೆಗೆ ಆಡುವ ಮಾತಿನ ಅರ್ಧ ಕ್ರಿಯೆ ಇಲ್ಲೇ ಇದೆ. ನಿತ್ಯ ಬಳಸುವ ಮಾತೆಲ್ಲ ಅನಿಯಮಿತ ಎನ್ನುವ ನಿಯಮವನ್ನು ಏನೆಂದು ಕರೆಯಬೇಕೋ ನನಗೆ ತಿಳಿಯದು.

ಇಲ್ಲಿ ಜಪಾನಿ ಭಾಷೆಯ ಕಡೆ ಒಂದು ಸಲ ನೋಡುವುದು ಉಪಯುಕ್ತ. ತಮಿಳಿಗೂ ಜಪಾನಿಗೂ ನಂಟಿದೆ ಎಂದು ಓನೊ ಸುಸುಮು ಅವರು ವಾದಿಸಿದ್ದರು, ಬಹುಪಾಲು ಭಾಷಾವಿಜ್ಞಾನಿಗಳು ಅದನ್ನು ಒಪ್ಪಿಲ್ಲ. ನಾನು ಹೇಳಹೊರಟಿದ್ದು ಆ ನಂಟಿನ ಮಾತಲ್ಲ, ವರ್ಗೀಕರಣದ ರೀತಿಯ ಮಾತು. ಜಪಾನಿನ ಶಾಲಾ ವ್ಯಾಕರಣ ಕ್ರಿಯಾಪದಗಳನ್ನು ಐದು ವರ್ಗ ಮಾಡುತ್ತದೆ. ಪರದೇಶದವರಿಗೆ ಕಲಿಸುವಾಗ ಅದೇ ಮೂರಕ್ಕೆ ಇಳಿಯುತ್ತದೆ. ಮೂರನೆಯದರಲ್ಲಿ ಇರುವುದು ಎರಡೇ ಧಾತು: ಬರು ಎಂಬರ್ಥದ ‘ಕುರು’, ಮಾಡು ಎಂಬರ್ಥದ ‘ಸುರು’. ನಮ್ಮ ಬಂದು, ಮಾಡಿಗಳಿಗೆ ಸಮನಾದ ಕೃದಂತ ಅವರಲ್ಲೂ ಇದೆ. ಬರೆ ಎಂಬರ್ಥದ ‘ಕಕು’ ಅದರಲ್ಲಿ ‘ಕೈತೆ’ ಆಗುತ್ತದೆ, ಓದು ಎಂಬರ್ಥದ ‘ಯೊಮು’ ‘ಯೊಂದೆ’ ಆಗುತ್ತದೆ, ಕಾಯು ಎಂಬರ್ಥದ ‘ಮತ್ಸು’ ‘ಮತ್ತೆ’ ಆಗುತ್ತದೆ. ಮೇಲ್ನೋಟಕ್ಕೆ ಇವು ನಮ್ಮ ತಿಂದು, ಕೊಟ್ಟು, ನಕ್ಕುಗಳಷ್ಟೇ ವಕ್ರ. ಅವರು ಇವನ್ನು ಅನಿಯಮಿತ ಎನ್ನಲಿಲ್ಲ. ಧಾತುವಿನ ಕೊನೆಯ ಅಕ್ಷರ ಯಾವುದೋ ಅದರ ಮೇಲೆ ಕೃದಂತದ ರೂಪ ನಿಲ್ಲುತ್ತದೆ ಎಂದು ಕಂಡುಕೊಂಡು, ಆ ಧ್ವನಿವ್ಯತ್ಯಾಸಕ್ಕೆ ‘ಒನ್‌ಬಿನ್’ ಎಂಬ ಹೆಸರಿಟ್ಟು, ಮಕ್ಕಳಿಗೆ ನಿಯಮವಾಗಿಯೇ ಕಲಿಸುತ್ತಾರೆ. ಹೋಗು ಎಂಬರ್ಥದ ‘ಇಕು’ ಅದಕ್ಕೆ ಒಗ್ಗದು, ಅದನ್ನು ಅಪವಾದ ಅಂತ ಬೇರೆಯಾಗಿ ಹೇಳುತ್ತಾರೆ.

ಅದೇ ಕಣ್ಣಿನಿಂದ ನಮ್ಮ ಗುಡ್ಡೆಯನ್ನು ಕೆದಕಿದರೆ ಏನು ಸಿಗುತ್ತದೆ? ಎರಡಕ್ಷರದ, ಡುಕಾರದಲ್ಲಿ ಮುಗಿಯುವ ಧಾತುಗಳನ್ನು ತೆಗೆದುಕೊಳ್ಳಿ. ಮೊದಲ ಸ್ವರ ದೀರ್ಘವಾದರೆ ಮಾಡಿ, ಆಡಿ, ಓಡಿ, ನೋಡಿ, ಹಾಡಿ, ಬೇಡಿ, ಕಾಡಿ. ಹ್ರಸ್ವವಾದರೆ ಇಟ್ಟು, ಕೊಟ್ಟು, ಬಿಟ್ಟು, ಸುಟ್ಟು, ನೆಟ್ಟು, ಉಟ್ಟು, ತೊಟ್ಟು, ಕೆಟ್ಟು, ಪಟ್ಟು. ಗುಕಾರದಲ್ಲೂ ಹಾಗೇ: ಹೋಗಿ, ಆಗಿ, ಕೂಗಿ, ತೂಗಿ, ಬಾಗಿ ಒಂದು ಕಡೆ; ನಕ್ಕು, ಹೊಕ್ಕು ಇನ್ನೊಂದು ಕಡೆ. ಇದು ಅನಿಯಮವೇ? ಒಂದು ಮಾತ್ರೆಯ ವ್ಯತ್ಯಾಸದ ಮೇಲೆ ನಿಂತ ನಿಯಮ ಇದು. ಛಂದಸ್ಸು ಓದಿದ ನಮಗೆ ಮೊದಲೇ ಹೊಳೆಯಬೇಕಿತ್ತು.

ಎಲ್ಲವೂ ಇಷ್ಟು ಚೊಕ್ಕಟವಾಗಿಲ್ಲ ಅನ್ನುವುದನ್ನೂ ಹೇಳಬೇಕು. ತಿಂದು, ಉಂಡು, ಕೊಂದು, ಕೊಂಡು ಒಂದು ಸಾಲಿಗೆ ಬರುತ್ತವೆ, ಆದರೆ ಗೆಲ್ಲು ಗೆದ್ದು ಆಗುತ್ತದೆ, ನಿಲ್ಲು ನಿಂತು ಆಗುತ್ತದೆ, ಚೆಲ್ಲು ಸುಮ್ಮನೆ ಚೆಲ್ಲಿ. ಬೀಳು ಬಿದ್ದು, ಏಳು ಎದ್ದು. ಕೇಳು ಮಾತ್ರ ಕೇಳಿ. ಈ ಕೊನೆಯದಕ್ಕೆ ಚರಿತ್ರೆ ಉತ್ತರ ಕೊಡುತ್ತದೆ. ಹಳಗನ್ನಡದಲ್ಲಿ ಅದು ‘ಕೇಳ್ದು’ ಎಂದೇ ಇತ್ತು. ವ್ಯಂಜನಾಂತ ಧಾತುಗಳಿಗೆ ಉಕಾರ ಹತ್ತಿದ ಮೇಲೆ ಅದು ಮಾಡು ಧಾತುವಿನ ವರ್ಗಕ್ಕೆ ವಲಸೆ ಬಂತು. ಇಕಾರ ಎಕಾರಗಳ ವರ್ಗವೂ ಪುಸ್ತಕದಲ್ಲಿ ಹೇಳಿದಷ್ಟು ಒಂದಾಗಿಲ್ಲ: ಕುಡಿದು, ಕರೆದು ಸರಿ, ಆದರೆ ಕಲಿತು, ಅರಿತು, ಬಲಿತು, ಮರೆತು, ಬೆರೆತುಗಳಲ್ಲಿ ತಕಾರ. ಕೊನೆಯ ಸ್ವರ ನೋಡಿದವನಿಗೆ ಕರೆ, ಮರೆ ಒಂದೇ. ಭೂತನ್ಯೂನ ನೋಡಿದವನಿಗೆ ಅವು ಬೇರೆ. ಆದ್ದರಿಂದ ಕನ್ನಡ ಧಾತುವಿನ ವರ್ಗ ಕಾಣುವುದು ಧಾತುವಿನ ಬಾಲದಲ್ಲಲ್ಲ, ಭೂತನ್ಯೂನದಲ್ಲಿ. ಶಾಲೆಯಲ್ಲಿ ಕೃದಂತಾವ್ಯಯ ಎಂದು ಹೇಳಿಕೊಡುವ ಮಾಡಿ, ಬಂದು, ಕೊಟ್ಟು, ಕಲಿತುಗಳನ್ನೇ ನಾನು ಇಲ್ಲಿ ಭೂತನ್ಯೂನ ಎನ್ನುತ್ತಿರುವುದು.

ಮೈಸೂರು ಕಡೆಯ ಆಡುಮಾತಿನಲ್ಲಿ ಇದು ಇನ್ನೂ ಸ್ಪಷ್ಟ. ಅಲ್ಲಿ ಮಾಡಿದ ಎಂಬುದು ಮಾಡ್ದ, ಕುಡಿದ ಎಂಬುದು ಕುಡ್ದ. ಭೂತಕಾಲದ ಪೂರ್ಣಕ್ರಿಯೆಯಲ್ಲಿ ಎರಡು ವರ್ಗಗಳ ಗೆರೆ ಅಳಿಸಿಯೇ ಹೋಗಿದೆ. ಮಾಡಿ ಹೋದ, ಕುಡ್ದು ಹೋದ ಎಂದಾಗಲೇ ವರ್ಗ ತಲೆಯೆತ್ತುವುದು.

ಇನ್ನು ಬೊಮ್ಮನಹಾಳಿಗೆ ಹೋಗೋಣ. ‘ಮಾಡಿದ್ದಾನೆ, ಬಂದಿದ್ದಾನೆ’ ಅನ್ನುವ ಕಡೆ ಅಲ್ಲಿ ಕೇಳಿಬರುವುದು ಮಾಡ್ಯಾನೆ, ಹೋಗ್ಯಾನೆ, ಬಂದಾನೆ, ಕುಡ್ದಾನೆ, ಕೊಟ್ಟಾನೆ, ಕಲ್ತಾನೆ. ಉತ್ತಮ ಪುರುಷದಲ್ಲಿ ಮಾಡೀನಿ, ಬಂದೀನಿ. ಮಡಕಶಿರಾದ ಕಡೆ ಅದೇ ಅರ್ಥಕ್ಕೆ ಮಾಡವ್ನೆ, ಹೋಗವ್ನೆ, ಬಂದವ್ನೆ, ಕುಡ್ದವ್ನೆ, ಕೊಟ್ಟವ್ನೆ, ಕಲ್ತವ್ನೆ. ಮೊದಲನೆಯದು ಬಳ್ಳಾರಿ, ಧಾರವಾಡಗಳ ಜೊತೆ ಹೋಗುತ್ತದೆ, ಎರಡನೆಯದು ತುಮಕೂರು, ಮಂಡ್ಯಗಳ ಜೊತೆ. ‘ಅನಂತಪುರದ ಕನ್ನಡ’ ಎಂಬ ಹೆಸರಿನಲ್ಲಿ ಮೋಸವಿದೆ ಎಂದದ್ದು ಇದಕ್ಕೇ. ಜಿಲ್ಲೆ ಒಂದಾಗಿತ್ತು, ಕ್ರಿಯಾಪದ ಒಂದಾಗಿರಲಿಲ್ಲ.

ಎರಡರ ಒಳಗಿನ ಯಂತ್ರ ಮಾತ್ರ ಒಂದೇ. ಭೂತನ್ಯೂನಕ್ಕೆ ಇರುವಿಕೆಯ ರೂಪವನ್ನು ಅಂಟಿಸುವುದು. ಬೊಮ್ಮನಹಾಳಿನಲ್ಲಿ ಮಾಡಿ ಎಂಬುದರ ಇಕಾರ ಯಕಾರವಾಗಿ ‘ಆನೆ’ಯನ್ನು ಕೂಡಿಕೊಳ್ಳುತ್ತದೆ. ಮಡಕಶಿರಾದಲ್ಲಿ ಅದೇ ಇಕಾರ ‘ಅವ್ನೆ’ ಮುಂದೆ ಲೋಪವಾಗುತ್ತದೆ. ಬಂದು, ಕೊಟ್ಟುಗಳ ಉಕಾರ ಎರಡು ಕಡೆಯೂ ಲೋಪ. ಹೀಗೆ ವರ್ಗದ ಗುರುತು ಬೊಮ್ಮನಹಾಳಿನಲ್ಲಿ ಯಕಾರವಾಗಿ ಎದ್ದು ಕಾಣುತ್ತದೆ: ಮಾಡ್ಯಾನೆ, ಹೋಗ್ಯಾನೆಗಳಲ್ಲಿ ಉಂಟು, ಬಂದಾನೆ, ಕೊಟ್ಟಾನೆಗಳಲ್ಲಿ ಇಲ್ಲ. ಪುಸ್ತಕದ ಕನ್ನಡಕ್ಕಿಂತ ಇಲ್ಲಿ ಧಾತುವರ್ಗ ಹೆಚ್ಚು ನಿಚ್ಚಳ. ‘ಊರು ಅಲ್ಲಿ ಊರಲ್ಲಿ’ ಎಂದು ಲೋಪಸಂಧಿ ಪಾಠ ಮಾಡುವ ಮೇಷ್ಟ್ರಿಗೆ ಹುಡುಗನ ‘ಬಂದವ್ನೆ’ಯಲ್ಲಿ ಅದೇ ಲೋಪಸಂಧಿ ಕಾಣದೆ ಹೋಗುವುದು ಆಶ್ಚರ್ಯವಲ್ಲವೆ?

ತೆಲುಗಿನ ಪ್ರಭಾವ ಎನ್ನುವವರ ವಾದವನ್ನೂ ನ್ಯಾಯವಾಗಿ ನೋಡಬೇಕು. ಅವರ ಕಿವಿಗೆ ಬೀಳುವುದು ವಚ್ಚಾಡು, ಚೇಶಾಡು, ಪೋಯಾಡುಗಳ ಆಕಾರ. ಬಂದಾನೆ, ಮಾಡ್ಯಾನೆ ಅದರಂತೆ ಕೇಳಿಸುತ್ತವೆ, ಒಪ್ಪೋಣ. ಆದರೆ ರಾಯಲಸೀಮೆಯ ತೆಲುಗಿನಲ್ಲಿ ಹಳ್ಳಿಯವರ ಬಾಯಲ್ಲಿ ಹೆಚ್ಚಾಗಿ ಬರುವುದು ವಚ್ಚಿನಾಡು, ಚೇಸಿನಾಡು. ನೆರೆಯವರಿಂದ ಕಲಿತಿದ್ದರೆ ಇದನ್ನಲ್ಲವೆ ಕಲಿಯಬೇಕಾದ್ದು? ಎರಡನೆಯದಾಗಿ, ಮಾಡ್ಯಾನ, ಬಂದಾನ ಎಂಬುದು ಧಾರವಾಡದ ತುಂಬ ಇದೆ, ಬಂದವ್ನೆ ಮಂಡ್ಯದ ತುಂಬ ಇದೆ. ಅಲ್ಲಿ ತೆಲುಗು ಎಲ್ಲಿಂದ ಬಂತು?

ಇವೆರಡಕ್ಕಿಂತ ಗಟ್ಟಿಯಾದ ಸಾಕ್ಷಿ ಭೂತನ್ಯೂನದ್ದೇ. ತೆಲುಗು ಈ ಜಾಗದಲ್ಲಿ ಎಲ್ಲ ಧಾತುಗಳನ್ನೂ ಇಕಾರಕ್ಕೆ ತಂದು ನಿಲ್ಲಿಸಿದೆ: ಚೇಸಿ, ವಚ್ಚಿ, ತಿನಿ, ಇಚ್ಚಿ, ಪೋಯಿ, ಚಚ್ಚಿ, ನವ್ವಿ, ಪಡಿ. ಧಾತು ಯಾವುದೇ ಇರಲಿ, ಬಾಲ ಒಂದೇ. ಕನ್ನಡ ಮಾಡಿ, ಬಂದು, ಕೊಟ್ಟು, ಕಲಿತು, ನಕ್ಕು ಎಂದು ಬೇರೆಬೇರೆ ಇಟ್ಟುಕೊಂಡಿದೆ. ತೆಲುಗು ನಮ್ಮ ಗಡಿಯ ಕ್ರಿಯಾಪದವನ್ನು ತಿದ್ದುತ್ತಿದ್ದರೆ ಮೊದಲು ಕುಸಿಯಬೇಕಾದದ್ದು ಈ ವ್ಯತ್ಯಾಸವೇ. ‘ಕೊಡಿ ಹೋದ’, ‘ನಗಿ ಹೇಳಿದ’ ಎನ್ನುವ ಮಾತು ಕೇಳಬೇಕಿತ್ತು. ಎರಡೂ ಭಾಷೆಯನ್ನು ಸರಾಗವಾಗಿ ಆಡುವ, ಸಂತೆಯಲ್ಲಿ ತೆಲುಗು, ಮನೆಯಲ್ಲಿ ಕನ್ನಡ ಎನ್ನುವ ಹಿರಿಯರ ಬಾಯಿಂದ ನಾನು ಅದನ್ನು ಕೇಳಿಲ್ಲ. ಅವರು ಕೊಟ್ಟು, ನಕ್ಕು ಎನ್ನುತ್ತಾರೆ. ನಾಳೆ ಯಾರಾದರೂ ‘ನಗಿ’ ಎಂಬ ರೂಪವನ್ನು ಧ್ವನಿಮುದ್ರಿಸಿಕೊಂಡು ಬಂದರೂ ಒಡನೆ ತೆಲುಗಿನ ಲೆಕ್ಕಕ್ಕೆ ಬರೆಯಲಾಗದು. ಕೇಳ್ದು ಎಂಬುದನ್ನು ಕೇಳಿ ಮಾಡಿದ ಕನ್ನಡಕ್ಕೆ ಆ ಚಪಲ ಮೊದಲಿನಿಂದಲೂ ಇದೆ.

ಅರ್ಥದ ಮಾತೂ ಇದೆ. ತೆಲುಗಿನ ವಚ್ಚಾಡು ‘ಬಂದ’ ಎಂಬುದಕ್ಕೂ ಸಲ್ಲುತ್ತದೆ, ‘ಬಂದಿದ್ದಾನೆ’ ಎಂಬುದಕ್ಕೂ ಸಲ್ಲುತ್ತದೆ. ಬೊಮ್ಮನಹಾಳಿನವರು ‘ನಿನ್ನೆ ಬಂದ’ ಎನ್ನುತ್ತಾರೆ, ‘ಬಂದಾನೆ, ಒಳಗ ಕೂತಾನೆ’ ಎನ್ನುತ್ತಾರೆ. ಬಂದು ಹೋದವನೂ ಬಂದು ಕೂತವನೂ ಅವರಲ್ಲಿ ಬೆರೆಯುವುದಿಲ್ಲ.

ಈ ರೂಪಗಳ ಬಂಧು ಎಲ್ಲಿದ್ದಾನೆ ಅಂತ ಹುಡುಕಿದರೆ ನಮ್ಮ ಬರವಣಿಗೆಯ ಕನ್ನಡದಲ್ಲೇ ಸಿಗುತ್ತಾನೆ. ಶಾಲಾ ವ್ಯಾಕರಣದಲ್ಲಿ ಸಂಭಾವನಾರ್ಥಕ ಎಂದೊಂದು ರೂಪವಿದೆ: ಮಾಡಿಯಾನು, ಹೋಗಿಯಾನು, ಬಂದಾನು, ಕೊಟ್ಟಾನು. ಅದರ ಕಟ್ಟಡ ನೋಡಿ. ಭೂತನ್ಯೂನ, ಅದರ ಮೇಲೆ ಆಕಾರದಿಂದ ಶುರುವಾಗುವ ಆಖ್ಯಾತ ಪ್ರತ್ಯಯ. ಮಾಡಿ ವರ್ಗಕ್ಕೆ ಯಕಾರ, ಮಿಕ್ಕವಕ್ಕೆ ಲೋಪ. ಬೊಮ್ಮನಹಾಳಿನ ಮಾಡ್ಯಾನೆ, ಬಂದಾನೆಗಳಿಗೂ ಇದಕ್ಕೂ ಕಟ್ಟಡದಲ್ಲಿ ಕೂದಲೆಳೆಯ ವ್ಯತ್ಯಾಸ. ಒಂದನ್ನು ಶುದ್ಧ ವ್ಯಾಕರಣವೆಂದು ಬಾಯಿಪಾಠ ಮಾಡಿಸಿ, ಇನ್ನೊಂದನ್ನು ತೆಲುಗು ಅಂತ ಕೆಂಪು ಶಾಯಿಯಲ್ಲಿ ಹೊಡೆದುಹಾಕುವುದು ಯಾವ ನ್ಯಾಯ?

ಆದರೆ ಇದೇ ಸಾಮ್ಯದಲ್ಲಿ ಒಂದು ಅಪಾಯವಿದೆ, ಅದನ್ನು ಕುರಿತು ಯಾರೂ ಬರೆದಂತಿಲ್ಲ. ‘ದುಡ್ಡು ಕೊಟ್ಟಾನೆ’ ಎಂದು ಬೊಮ್ಮನಹಾಳಿನವನು ಹೇಳಿದರೆ ದುಡ್ಡು ಕೈಗೆ ಬಂದಿದೆ ಅಂತ ಅರ್ಥ. ಮೈಸೂರು ಕಡೆಯ ಕಿವಿಗೆ ಅದು ‘ಕೊಟ್ಟಾನು’ ಎಂಬುದರ ಹಾಗೆ ಕೇಳಿ, ಕೊಟ್ಟರೂ ಕೊಡಬಹುದು ಎಂಬ ಅನುಮಾನದ ಮಾತಾಗುತ್ತದೆ. ನಡೆದುಹೋದದ್ದು ನಡೆಯಬಹುದಾದದ್ದಾಗಿ ಬದಲಾಗುತ್ತದೆ. ಹೇಳಿಕೆ ಬರೆದುಕೊಳ್ಳುವ ಗುಮಾಸ್ತ, ಪಂಚಾಯ್ತಿಯ ಮಾತು ದಾಖಲಿಸುವವನು, ಜಾನಪದ ಕಥೆಯನ್ನು ಲಿಪಿಗಿಳಿಸಿ ‘ಶಿಷ್ಟ’ಗೊಳಿಸುವ ಸಂಶೋಧಕ, ಇವರೆಲ್ಲ ಈ ಒಂದು ಸ್ವರದ ಮೇಲೆ ಎಡವಬಹುದು. ಕಥೆ ಸಂಗ್ರಹಿಸುವ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೆ: ಆ ಏಕಾರವನ್ನು ಇದ್ದ ಹಾಗೇ ಬರೆಯಿರಿ. ‘ಬಂದಾನು’ ಎಂದು ತಿದ್ದಿದರೆ ಭಾಷೆ ಶುದ್ಧವಾಗುವುದಿಲ್ಲ, ಕಥೆಯೇ ಸುಳ್ಳಾಗುತ್ತದೆ.

ಜಪಾನಿನವರನ್ನು ಇನ್ನೊಂದು ಸಲ ನೆನೆಯಬೇಕಾಗಿದೆ. ಅಲ್ಲೂ ಧಾತುಗಳು ವರ್ಗದಿಂದ ವರ್ಗಕ್ಕೆ ವಲಸೆ ಹೋಗುತ್ತವೆ. ನೋಡು ಎಂಬರ್ಥದ ಆಜ್ಞಾರೂಪ ಟೋಕಿಯೋದ ಶಿಷ್ಟ ಭಾಷೆಯಲ್ಲಿ ‘ಮಿರೊ’. ಹೊಕ್ಕೈಡೊದ ಆಡುಮಾತಿನಲ್ಲಿ ಅದು ಇನ್ನೊಂದು ವರ್ಗದ ಧಾಟಿ ಹಿಡಿದು ‘ಮಿರೆ’ ಆಗುತ್ತದೆ. ಅಲ್ಲಿಯ ರಾಷ್ಟ್ರೀಯ ಭಾಷಾ ಸಂಶೋಧನಾ ಸಂಸ್ಥೆ ಉಪಭಾಷೆಗಳ ವ್ಯಾಕರಣಕ್ಕೆಂದೇ ನಕ್ಷೆಗಳನ್ನು ಮಾಡಿಸಿ, 1989ರಿಂದ 2006ರವರೆಗೆ ಆರು ಸಂಪುಟಗಳಲ್ಲಿ ಪ್ರಕಟಿಸಿತು. 807 ಊರುಗಳಲ್ಲಿ ಕೇಳಿ ಗುರುತು ಹಾಕಿದ ನಕ್ಷೆಗಳು. ಕ್ರಿಯಾರೂಪ ಎಲ್ಲಿಂದ ಎಲ್ಲಿಯವರೆಗೆ ಹೇಗಿದೆ ಎಂದು ಬೆರಳಿಟ್ಟು ತೋರಿಸಬಹುದು. ನಮ್ಮಲ್ಲಿ ಅಷ್ಟು ಹಣವಿಲ್ಲ, ಸರಿ. ಆದರೆ ಪ್ರಶ್ನಾವಳಿಗೆ ಹಣ ಬೇಕಿಲ್ಲ. ಈಗ ಕ್ಷೇತ್ರಕಾರ್ಯಕ್ಕೆ ಹೋಗುವ ವಿದ್ಯಾರ್ಥಿ ‘ಕೊಡು ಎಂಬುದಕ್ಕೆ ಏನೆನ್ನುತ್ತೀರಿ’ ಎಂದು ಕೇಳುತ್ತಾನೆ, ಹೇಳುವವನು ಪಾಪ ‘ಕೊಡು’ ಎನ್ನುತ್ತಾನೆ, ಪಟ್ಟಿ ತುಂಬುತ್ತದೆ. ಅದರ ಬದಲು ‘ಅವ ದುಡ್ಡು ಕೊಟ್ಟು ಹೋದ’, ‘ಕೊಟ್ಟಿಲ್ಲ’, ‘ಕೊಟ್ಟಾನೆ’ ಎಂಬ ಮೂರು ಮಾತು ಹೊರಡಿಸಿದರೆ ಆ ಧಾತುವಿನ ಜಾತಕ ಪೂರ್ತಿ ಕೈಗೆ ಬರುತ್ತದೆ. ಹೀಗೆ ಮಾಡು, ಕುಡಿ, ಕಲಿ, ಕೊಡು, ನಗು, ತಿನ್ನು, ಬೀಳು ಎಂಬ ಏಳು ಧಾತು ಸಾಕು ಶುರುಮಾಡಲು. ನಡೆಯುತ್ತಿರುವ ಕೆಲಸಕ್ಕೆ ಏನೆನ್ನುತ್ತಾರೆ ಎಂಬುದನ್ನೂ ಜೊತೆಗೆ ಕೇಳಬೇಕು. ಬಳ್ಳಾರಿ ಮಗ್ಗುಲಿನಲ್ಲಿ ಮಾಡಾಕತ್ತಾನೆ, ಶಿರಾ ಮಗ್ಗುಲಿನಲ್ಲಿ ಮಾಡ್ತಾವ್ನೆ. ‘ಹತ್ತು’ ಎಂಬ ಧಾತು ಹೀಗೆ ಸಹಾಯಕ್ಕೆ ನಿಂತು ಸವೆದಿರುವುದು ಬೇರೆಯೇ ಒಂದು ಪ್ರಬಂಧದ ವಸ್ತು.

‘ಆನೆ’ ಮುಗಿದು ‘ಅವ್ನೆ’ ಶುರುವಾಗುವ ಗೆರೆಯನ್ನು ಹುಡುಕಹೊರಡುವವರಿಗೆ ದಾರಿಯ ಬಗ್ಗೆ ಒಂದು ಮಾತು. ರಾಯದುರ್ಗದಿಂದ ಮಡಕಶಿರಾಕ್ಕೆ ಆಂಧ್ರದೊಳಗೇ ನಡೆದರೆ ನಡುವೆ ಕಲ್ಯಾಣದುರ್ಗ ಸಿಗುತ್ತದೆ. ಅಲ್ಲಿ ತೆಲುಗೇ ಹೆಚ್ಚು, ಗೆರೆ ಕೈತಪ್ಪಿಹೋಗುತ್ತದೆ. ಗಡಿಯ ಈಚೆಗೆ ಬಂದು ಮೊಳಕಾಲ್ಮೂರು, ಚಳ್ಳಕೆರೆ, ಹಿರಿಯೂರು, ಶಿರಾ ಎಂದು ಊರೂರು ಕೇಳುತ್ತ ಇಳಿಯಬೇಕು, ಪಾವಗಡವನ್ನು ಬಿಡಬಾರದು.